ಕಿಟಕಿಯಾಚೆಯ ಕೊಕ್ಕರೆ

ಚಳಿಗಾಲ ಹತ್ತಿರವಾದರೆ ಬಹರೈನಿನ ಸನದ್‌ನಲ್ಲಿರುವ ನಮ್ಮ ಮನೆಯ ಬಾಲ್ಕನಿಗೆ ಒಂದು ವಾಸನೆ ಬರುತ್ತದೆ. ಕೊಲ್ಲಿಯ ನೀರು ಇಳಿದಾಗ ಬಿಸಿಲಿಗೆ ಬಿದ್ದ ಕೆಸರಿನದು. ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಮಾತ್ರ ರಾಜಹಂಸಗಳು ಬಂದವೆಂಬ ಸುದ್ದಿ ಅದು. ಮೇಲಿನ ಮನೆಯ ವಿಠಲಣ್ಣ ಕ್ಯಾಮೆರಾ ಹಿಡಿದು ಕೆಳಗಿಳಿಯುತ್ತಾರೆ. ಕಾರು ಓಡಿಸುವುದು ನನ್ನ ಪಾಲಿನ ಸೇವೆ.

ಕಳೆದ ಶುಕ್ರವಾರ ಕೆಸರಲ್ಲಿ ನಡೆಯುತ್ತಿದ್ದ ಹಕ್ಕಿಯನ್ನು ನೋಡುತ್ತ ಅವರು ಹೇಳಿದರು: "ಇದರ ನಡಿಗೆ ಚಂದವೇ. ಆದ್ರೆ ಲಡಾಖಿನ ಆ ಕಪ್ಪು ಕತ್ತಿನ ಕೊಕ್ಕರೆ ಉಂಟಲ್ಲ, ಅದು ಸೀರೆ ಎತ್ತಿ ಹಿಡಿದು ತೋಡು ದಾಟುವ ಹೆಂಗಸಿನ ಹಾಗೆ."

"ಅದನ್ನು ನೀವು ನೋಡಲೇ ಇಲ್ಲವಲ್ಲ?" ಎಂದೆ.

ವಿಠಲಣ್ಣ ಲೆನ್ಸ್ ಒರೆಸತೊಡಗಿದರು.

ನನ್ನ ಪ್ರಶ್ನೆಗೆ ಕಾರಣವಿತ್ತು. ಕೆಲವು ವರ್ಷಗಳ ಹಿಂದೆ ನಾನು, ಹೆಂಡತಿ ರೇವತಿ, ವಿಠಲಣ್ಣ ಲಡಾಖಿಗೆ ಹೋಗಿದ್ದೆವು. ಆ ಕೊಕ್ಕರೆಯನ್ನು ಒಮ್ಮೆ ನೋಡಬೇಕೆಂಬುದು ಅವರ ಬಹುಕಾಲದ ಆಸೆ. ಪ್ರವಾಸ ಹೊರಟದ್ದೇ ಅದಕ್ಕಾಗಿ. ಲಡಾಖೂ ಮರುಭೂಮಿಯೇ ಎಂದು ಓದಿದ್ದೆವು; ಮರುಭೂಮಿ ಎಂದರೆ ಸೆಖೆ ಎಂದು ನಂಬಿದ ಬಹರೈನಿನ ಮಂದಿ ನಾವು. ನಾನು ಪೆಟ್ಟಿಗೆಗೆ ತುಂಬಿದ್ದು ಹತ್ತಿ ಅಂಗಿ, ಬಿಸಿಲ ಟೊಪ್ಪಿ. "ಮರುಭೂಮಿ ನಮಗೇನು ಹೊಸದೇ?" ಎಂದು ಬೇರೆ ಹೇಳಿದ್ದೆ. ಎತ್ತರದ ಗಾಳಿಗೆ ಮೈ ಒಗ್ಗಲು ಲೇಹ್‌ನಲ್ಲಿ ಇನ್ನೂ ವಿಶ್ರಾಂತಿ ತೆಗೆದುಕೊಳ್ಳಿ ಎಂದವರಿಗೆ ರಜೆ ಕಡಿಮೆ ಎಂದೆವು.

ಲೇಹ್‌ನಿಂದ ಕೊಕ್ಕರೆಗಳಿರುವ ದೊಡ್ಡ ಸರೋವರಕ್ಕೆ ಒಂದೇ ದಿನದಲ್ಲಿ ಹೋಗಿ ಬರುವ ಪ್ರವಾಸ. ಸಿಂಧೂ ನದಿಯ ಪಕ್ಕ ಬಾರ್ಲಿಯ ಹಸಿರು ಪಟ್ಟಿ, ಬಿಳಿ ಗೋಡೆಯ ಹಳ್ಳಿಗಳು, ಮೇಲಕ್ಕೇರಿದಂತೆ ಕಾಡುಕತ್ತೆಗಳ ಹಿಂಡು. ಕಣಿವೆ ದಾಟಿ ಮೊದಲ ಪುಟ್ಟ ಸರೋವರ ಕಂಡಾಗ ಇಳಿದೆವು. ಹತ್ತಿ ಅಂಗಿಯೊಳಗೆ ಗಾಳಿ ನೇರ ನುಗ್ಗಿತು. ವಿಠಲಣ್ಣ ಕ್ಯಾಮೆರಾ ಜೋಡಿಸುವಷ್ಟರಲ್ಲಿ ರೇವತಿ ವಾಂತಿ ಮಾಡಿಕೊಂಡು ಕುಸಿದು ಕೂತಳು. ತುಟಿ ನೀಲಿ, ಮಾತು ತೊದಲುತ್ತಿತ್ತು. ಕಾರಿನಲ್ಲಿದ್ದ ಆಮ್ಲಜನಕ ಕೊಟ್ಟರೂ ಚೇತರಿಸಿಕೊಳ್ಳಲಿಲ್ಲ. ಚಾಲಕ ನೊರ್ಬು, ತಕ್ಷಣ ಕೆಳಗಿಳಿಯಬೇಕು ಎಂದ. ದೊಡ್ಡ ಸರೋವರ, ಅದರ ದಡದ ಕೊಕ್ಕರೆಗಳು ಇನ್ನು ಸ್ವಲ್ಪವೇ ದೂರದಲ್ಲಿದ್ದವು. ನಾನು ವಿಠಲಣ್ಣನ ಮುಖ ನೋಡಿದೆ.

"ನನ್ನ ಮುಖ ಎಂತ ನೋಡ್ತೀರಿ ಮಾರಾಯ್ರೆ? ಅಕ್ಕನನ್ನು ಹಿಡ್ಕೊಳ್ಳಿ!" ಎಂದು ಗದರಿ, ತಮ್ಮ ಒಂದೇ ಜಾಕೆಟ್ ಬಿಚ್ಚಿ ಅವಳಿಗೆ ಹೊದಿಸಿದರು.

ನದಿಯ ಪಕ್ಕದ ಹಳ್ಳಿ ತಲುಪುವವರೆಗೆ ನೊರ್ಬು ಎಲ್ಲೂ ನಿಲ್ಲಿಸಲಿಲ್ಲ. ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ಸಂಜೆಯ ಹೊತ್ತಿಗೆ ರೇವತಿಯ ತುಟಿಗೆ ಬಣ್ಣ ಬಂತು. "ಹಕ್ಕಿ ಸಿಕ್ಕಿತಾ?" ಎಂಬುದು ಅವಳ ಮೊದಲ ಮಾತು. "ಅದಕ್ಕೂ ನಮ್ಮ ಬಹರೈನಿನ ಹಾಗೆ ಇವತ್ತು ಶುಕ್ರವಾರ, ರಜೆಯಂತೆ" ಎಂದು ವಿಠಲಣ್ಣ ನಗಿಸಿದರು. ಮತ್ತೆ ಲಡಾಖಿಗೆ ಹೋಗುವುದು ಅವರಿಗೆ ಆಗಲೇ ಇಲ್ಲ.

ಕಳೆದ ಶುಕ್ರವಾರ ನಾನು ಬಿಡಲಿಲ್ಲ. ಕೇಳಿದ್ದನ್ನೇ ಕೇಳುವುದು ಪತ್ರಿಕೆಯ ಕೆಲಸ ಕಲಿಸಿದ ಚಟ. ಕೊನೆಗೆ ಅವರು ಬಾಯಿಬಿಟ್ಟರು.

"ಅವತ್ತು ಅಕ್ಕನನ್ನು ಕೆಳಗೆ ತರುವಾಗ ನೋಡಿದೆ. ಜೌಗಿನಲ್ಲಿ ಎರಡು ಇದ್ದವು, ನನ್ನ ಕಿಟಕಿಯ ಹತ್ತಿರವೇ."

"ಹೇಳಬಾರದಿತ್ತೇ?"

"ಹೇಳಿದ್ರೆ ನೀವು ದಾಕ್ಷಿಣ್ಯಕ್ಕೆ ನಿಲ್ಲಿಸಿ ಅಂತಿದ್ರಿ. ಅಕ್ಕ ಉಸಿರಿಗೆ ಒದ್ದಾಡ್ತಾ ಇದ್ದರು. ಕ್ಯಾಮೆರಾ ಚೀಲದಲ್ಲೇ ಇರ್ಲಿ ಅಂದ್ಕೊಂಡೆ."

ಆ ದಿನ ಅವರ ಪಕ್ಕದಲ್ಲೇ ಕೂತಿದ್ದವನು ನಾನು.

ಮನೆಗೆ ಮರಳುವಾಗ ವಿಠಲಣ್ಣ ಮಾತಿನ ನಡುವೆ ಒಮ್ಮೆ ತಮ್ಮ ಪಕ್ಕದ ಕಿಟಕಿಯತ್ತ ಕತ್ತು ತಿರುಗಿಸಿದರು. ನಾನು ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದೆ.

"ಎಂತ ಮಾರಾಯ್ರೆ, ಟೈರ್ ಹೋಯ್ತಾ?"

"ಇಲ್ಲ. ಏನೋ ಕಂಡಿತಲ್ಲ ನಿಮಗೆ? ಇಳಿಯಿರಿ, ನಿಧಾನವಾಗಿ ನೋಡಿ. ನಾನು ಕಾಯುತ್ತೇನೆ."