ಜೋಲಿಗೆ ಹೋಗಿದ್ದ ದಿಂಡು

ನಿನ್ನೆ ಕಡೂರಿನ ಗುಜರಿ ಅಂಗಡಿಯೊಂದರ ಮುಂದೆ, ತುಕ್ಕು ಹಿಡಿದ ಪಂಪುಗಳ ನಡುವೆ, ಮಗ್ಗದ ಲಾಳಿಯೊಂದು ಬಿದ್ದಿತ್ತು. ಎತ್ತಿಕೊಂಡು ಮೂಗಿನ ಹತ್ತಿರ ಹಿಡಿದೆ. ಎಣ್ಣೆ ಕುಡಿದ ಹಳೇ ಮರದ ವಾಸನೆ. "ಸಾರ್, ಅದು ಮಾವಿನಹಣ್ಣಲ್ಲ," ಎಂದ ಅಂಗಡಿಯವನು. ಆ ವಾಸನೆಯ ಹಿಂದೆ ಬಿದ್ದು ನಾನು ಎಷ್ಟು ಬಸ್ಸು ಹತ್ತಿ ಇಳಿದಿದ್ದೇನೆಂದು ಅವನಿಗೇನು ಗೊತ್ತು?

ನಿಮಗಾದರೂ ಹೇಳುತ್ತೇನೆ. ನನ್ನ ಹೆಂಡತಿ ಶಾರದೆ ಅಜ್ಜಂಪುರದ ನೇಯ್ಗೆಯವರ ಮನೆಯ ಮಗಳು. ಮದುವೆಯಾಗಿ ಪಂಚನಹಳ್ಳಿಗೆ ಬಂದ ಮೇಲೆ ಮಗ್ಗ ಮುಟ್ಟಲಿಲ್ಲ. ನಮ್ಮದು ತೆಂಗಿನ ತೋಟದವರ ಮನೆ. ನೂಲಿನ ನೆನಪಾಗುತ್ತಿದ್ದದ್ದು ಅಂಗಿಯ ಗುಂಡಿ ಕಿತ್ತುಹೋದಾಗ ಮಾತ್ರ. ಕೆಲವು ವರ್ಷಗಳ ಹಿಂದೆ ಅವಳ ಅಣ್ಣ ಮನೆ ಕೆಡವಿ ಕಟ್ಟುವಾಗ, ತೀರಿಹೋಗಿದ್ದ ತಾಯಿಯ ಮಗ್ಗವನ್ನು ಬಿಚ್ಚಿ, ಕೇಳಿದವರಿಗೆಲ್ಲ ಒಂದೊಂದು ತುಂಡು ಕೊಟ್ಟುಬಿಟ್ಟ. ಸುದ್ದಿ ಕೇಳಿ ಶಾರದೆ ಅಳಲಿಲ್ಲ, ಜಗಳವಾಡಲಿಲ್ಲ. "ರೀ, ಅಜ್ಜಂಪುರಕ್ಕೆ ಹೋಗಣ. ಅವ್ವನ ಮಗ್ಗ ಒಟ್ಟು ಮಾಡ್ಬೇಕು," ಎಂದಳು.

ಹೋದೆವು. ಕಂಬಗಳು ಒಬ್ಬರ ಕೊಟ್ಟಿಗೆಯಲ್ಲಿ ಎಮ್ಮೆ ಕಟ್ಟಿಸಿಕೊಂಡು ನಿಂತಿದ್ದವು. ಕಾಲಲ್ಲಿ ತುಳಿಯುವ ಹಲಗೆಗಳು ಇನ್ನೊಬ್ಬರ ಬಚ್ಚಲ ಮುಂದೆ ಕೆಸರು ಮೆತ್ತಿಕೊಂಡಿದ್ದವು. ನೂಲಿನ ಎಳೆಗಳು ಹಾಯುವ ಹಣಿಗೆಯಂತೂ ಕೋಳಿಗೂಡಿನ ಕಿಟಕಿಯಾಗಿತ್ತು. ಶಾರದೆ ಯಾರ ಕೈಯಿಂದಲೂ ಕಿತ್ತುಕೊಳ್ಳಲಿಲ್ಲ. ಕಂಬಕ್ಕೆ ಕಂಬ, ಹಲಗೆಗೆ ಕಲ್ಲುಚಪ್ಪಡಿ ಕೊಟ್ಟೇ ತಂದಳು. ಮಾತು ಅವಳದು, ಹೊರುವುದು ನನ್ನದು. ಕಂಬಗಳನ್ನು ಬಸ್ಸಿನ ಮೇಲೆ ಹಾಕುವಾಗ ಕಂಡಕ್ಟರ್, "ಯಾರಿಗ್ರೀ ಯಜಮಾನ್ರೆ ಚಟ್ಟ?" ಎಂದ. "ಸದ್ಯಕ್ಕೆ ನಂಗೇ," ಎಂದೆ.

ತರೀಕೆರೆಯ ಬಡಗಿ ಬಷೀರ್ ಸಾಬರು ತುಂಡುಗಳನ್ನೆಲ್ಲ ಹೆರೆದು, ತಟ್ಟಿ ನೋಡಿದರು. "ಹುಳ ಮೇಲ್ಮೇಲೆ ತಿಂದೈತೆ ಅಷ್ಟೆ ಅಕ್ಕಾ. ಒಳ್ಗೆ ಗಟ್ಟಿ ಐತೆ. ಆದ್ರೆ ದಿಂಡೆಲ್ಲಿ?"

ನೇಯ್ದ ಬಟ್ಟೆಯನ್ನು ಸುತ್ತಿಕೊಳ್ಳುವ ಉದ್ದನೆಯ ದಿಂಡು ಸಖರಾಯಪಟ್ಟಣದಲ್ಲಿತ್ತು. ಅಜ್ಜಂಪುರದಲ್ಲಿ ಅವರ ನೆರೆಯವಳಾಗಿದ್ದ ಪುಟ್ಟಮ್ಮ ಈಗ ಅಲ್ಲಿ ಮಗನ ಮನೆಯಲ್ಲಿದ್ದಳು. ಹೋಗಿ ನೋಡಿದರೆ ದಿಂಡು ಸೂರಿನಡಿ ಅಡ್ಡಲಾಗಿ ಕೂತಿದೆ. ಅದಕ್ಕೆ ಸೀರೆಯ ಜೋಲಿ ಕಟ್ಟಿದೆ. ಜೋಲಿಯೊಳಗೆ ಪುಟ್ಟಮ್ಮನ ಮೊಮ್ಮಗಳು ಬಾಯಿ ತೆರೆದು ಮಲಗಿದ್ದಾಳೆ.

"ಬೇರೆ ದಿಂಡು ಕೊಡ್ತೀವಮ್ಮ," ಎಂದೆ.

"ಇದು ಕಿರ್ ಅನ್ನೋ ಸದ್ದಿಗೇ ಕೂಸು ಮಲಗೋದು ಕಣಪ್ಪ. ಬೇರೇದ್ಕೆ ಮಲಗಾಕಿಲ್ಲ," ಎಂದಳು ಪುಟ್ಟಮ್ಮ. "ನಡ್ಯಾಕೆ ಶುರು ಮಾಡ್ಲಿ, ಆಮೇಲೆ ತಗೊಂಡೋಗಿ."

ಯಾರದೋ ಮಗು ನಡೆಯಲೆಂದು ಅಷ್ಟು ಹಾತೊರೆದವರು ನಮ್ಮ ಸೀಮೆಯಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ. ಶಾರದೆ ಏನಾದರೊಂದು ನೆಪ ಮಾಡಿ ಅಲ್ಲಿಗೆ ಹೋಗಿ, ಮಗುವಿನ ಬೆರಳು ಹಿಡಿದು ಅಂಗಳದಲ್ಲಿ ನಡೆಸಿ ಬರುತ್ತಿದ್ದಳು. ಕೊನೆಗೊಂದು ದಿನ ಮಗು ಕೈ ಬಿಡಿಸಿಕೊಂಡು ತಾನೇ ನಡೆಯಿತು. ಅವತ್ತು ಶಾರದೆ ಬರಿಗೈಯಲ್ಲಿ ಮನೆಗೆ ಬಂದಳು. "ಎರಡ್ನೇದು ಹುಟ್ಟಿದ್ರೆ ಅವ್ರಿಗೆ ಬೇಕಾಗ್ತದೆ. ಅಲ್ಲೇ ಇರ್ಲಿ ಬಿಡ್ರಿ."

ನನಗೆ ರೇಗಿತು. "ಹೊತ್ತೂ ಹೊತ್ತೂ ನನ್ನ ಸೊಂಟ ಬಿತ್ತಲ್ಲೇ!"

ಅವಳು ಕಾಯಿ ತುರಿಯುತ್ತಿದ್ದಳು. ಕೈ ನಿಲ್ಲಿಸಿದಳು. "ಎಲ್ಲಾ ಕೂಡ್ಸಿ ಮಗ್ಗದಾಗೆ ಕೂತ್ಮೇಲೆ ಕೈ ಬರ್ದಿದ್ರೆ? ಇಷ್ಟು ದಿನ, ಮಗ್ಗ ಇಲ್ಲ, ಅದ್ಕೆ ನೇಯಲ್ಲ ಅಂತಿದ್ದೆ. ಇದ್ದೂ ಬರ್ದಿದ್ರೆ ಏನಂತ ಹೇಳ್ಲಿ?"

ಇಷ್ಟು ವರ್ಷ ಜೊತೆಗಿದ್ದೂ ಅವಳೊಳಗೆ ಇಂಥದೊಂದು ಅಂಜಿಕೆ ಇದೆಯೆಂದು ನನಗೆ ಹೊಳೆದಿರಲಿಲ್ಲ. ತುರಿಮಣೆ ಎಳೆದುಕೊಂಡು ಉಳಿದ ಕಾಯಿ ತುರಿದೆ.

ಕೆಲವು ದಿನ ಬಿಟ್ಟು ಪುಟ್ಟಮ್ಮನೇ ಬಂದುಬಿಟ್ಟಳು, ಮಗನ ಹೆಗಲ ಮೇಲೆ ದಿಂಡು ಹೊರಿಸಿಕೊಂಡು. "ಆ ಹುಡುಗಿ ಈಗ ಜೋಲಿ ಕಂಡ್ರೆ ಕಿರುಚ್ತಳೆ. ನಡೆಸಿದ್ದು ನೀನೇ ಅಲ್ವಾ? ತಗೋ ನಿಮ್ಮವ್ವಂದು. ನೇಯೋ ದಿನ ಹೇಳ್ಕಳ್ಸು, ನೋಡಾಕೆ ಬತ್ತೀನಿ."

ಇನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ. ಬಷೀರ್ ಸಾಬರು ಬಂದು ಮಗ್ಗ ನಿಲ್ಲಿಸಿದರು. ಅಜ್ಜಂಪುರದಿಂದ ಅವಳ ಚಿಕ್ಕಮ್ಮ ಬಂದು ಮಗ್ಗಕ್ಕೆ ಉದ್ದದ ಎಳೆಗಳ ಹಾಸು ಹೂಡಿಕೊಟ್ಟರು. ಪುಟ್ಟಮ್ಮ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಎದುರಿಗೇ ಕೂತಳು. ಶಾರದೆ ಹಲಗೆ ತುಳಿದು ಲಾಳಿ ಎಸೆದಳು. ಲಾಳಿ ಹಾರಿ ನನ್ನ ಕಾಲ ಬಳಿ ಬಿತ್ತು. ಇನ್ನೊಮ್ಮೆ ಎಸೆದಾಗ ಹಾಸಿನ ಎಳೆಯೊಂದು ಪಟ್ಟನೆ ತುಂಡಾಯಿತು. ನಾನು ನೋಡುತ್ತಿದ್ದೇನೆಯೇ ಎಂದು ಅವಳು ಕಣ್ಣೆತ್ತಿದಳು. ನಾನು ಕಿಟಕಿಯಾಚೆಯ ತೆಂಗಿನ ಮರಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ.

ಮತ್ತೆ ತಿರುಗಿದಾಗ ತುಂಡಾದ ಎಳೆಗೆ ಗಂಟು ಬಿದ್ದಾಗಿತ್ತು. ಶಾರದೆ ತನ್ನ ಬೆರಳುಗಳನ್ನೇ ನೋಡುತ್ತಿದ್ದಳು. "ನಾನು ಹಾಕ್ಲಿಲ್ಲ ಕಣ್ರೀ. ಅದೇ ಹಾಕ್ಕೊಂತು," ಎಂದಳು.

"ಇನ್ನೇನೇ ಮತ್ತೆ, ನೇಯಿ!" ಎಂದಳು ಪುಟ್ಟಮ್ಮ.

ಆ ಮೊದಲ ಟವೆಲ್ಲಿನ ಅಂಚು ನಮ್ಮೂರ ರಸ್ತೆಯ ಹಾಗೆ ಅಂಕುಡೊಂಕು. ಮೈ ಒರೆಸಿಕೊಳ್ಳಲು ಅಡ್ಡಿಯಿಲ್ಲ.

ಇದನ್ನು ಬರೆಯುತ್ತಿರುವಾಗ ನಡುಮನೆಯಲ್ಲಿ, ನನ್ನೆದುರಿಗೇ ಮಗ್ಗ ಆಡುತ್ತಿದೆ. ನನ್ನ ಪಕ್ಕದಲ್ಲಿ, ಲಾಳಿಗೆ ಹಾಕಲು ನಾನು ಸುತ್ತಿಕೊಡಬೇಕಾದ ನೂಲಿದೆ. ಆ ಕೆಲಸಕ್ಕೆ ನನಗೆ ಬಡ್ತಿಯಾಗಿದೆ. ಈಗಷ್ಟೇ ಸದ್ದು ನಿಂತಿತು, ಎಳೆ ತುಂಡಾಗಿರಬೇಕು. ಶಾರದೆ ತಲೆಯೆತ್ತುವುದಿಲ್ಲ. ಯಾರು ನೋಡುತ್ತಿದ್ದಾರೆಂಬುದು ಅವಳಿಗೀಗ ಬೇಕಿಲ್ಲ. ನಾನಂತೂ ನೋಡುತ್ತೇನೆ.