ಬೆಟ್ಟ ಎಡಗಡೆಗೇ ಬರಬೇಕು

ನಮ್ಮ ದೊಡ್ಡಪ್ಪ ಪ್ರವಾಸದ ಯೋಜನೆ ಹಾಕಲು ಕೂತರೆಂದರೆ ಊಟದ ಮೇಜಿನ ಮೇಲೆ ತಟ್ಟೆಗೆ ಜಾಗವಿರುವುದಿಲ್ಲ, ಅಲ್ಲೆಲ್ಲ ನಕಾಶೆಯೇ ಹಾಸಿಕೊಂಡಿರುತ್ತದೆ. ಒಳ್ಳೆಯ ಫೋಟೊ ಸಿಗುವ ಯಾವ ಜಾಗ ಹೇಳಿದರೂ ಅವರದು ಒಂದೇ ಪ್ರಶ್ನೆ: "ಕಾರು ಅಲ್ಲೀತನಕ ಹೋಗುತ್ತಾ?" ಜಲಪಾತಕ್ಕೆ ಸ್ವಲ್ಪವೇ ನಡೆಯಬೇಕು ಎಂದರೆ ಮುಖ ಸಿಂಡರಿಸಿ, "ಅಯ್ಯೋ, ಆ ಸ್ವಲ್ಪಾನೇ ಕಣೋ ಜೀವ ತೆಗೆಯೋದು," ಎಂದು ಜಲಪಾತವನ್ನೇ ಹೊಡೆದುಹಾಕುತ್ತಾರೆ. ಇನ್ನೊಂದು ಹಟವೂ ಉಂಟು. ಬೆಟ್ಟ, ಕೆರೆ, ಕಡಲು ಎಲ್ಲವೂ ಕಾರಿನ ಎಡಗಡೆಗೇ ಬರಬೇಕು, ಅದಕ್ಕಾಗಿ ಇಡೀ ದಾರಿಯನ್ನು ತಿರುವುಮುರುವು ಮಾಡಲೂ ಅವರು ಸಿದ್ಧ. ನಾವೆಲ್ಲ ಅವರನ್ನು 'ಸೋಮಾರಿ ಸರದಾರ' ಎಂದರೆ ಪದಕ ಸಿಕ್ಕವರಂತೆ ಹಿಗ್ಗುತ್ತಾರೆ. ಈ ಸಲ ಹಿಂದಿನ ಸೀಟಿನಲ್ಲಿ ನಾನೂ ಇದ್ದೆ. ದಾರಿಯುದ್ದಕ್ಕೂ ದೊಡ್ಡಪ್ಪ ಬೆಟ್ಟದ ಕಡೆ ಕಣ್ಣೆತ್ತಿಯೂ ನೋಡದೆ ಕಾರು ಓಡಿಸಿದರು. ಅವರ ಪಕ್ಕ, ಎಡಗಡೆಯ ಕಿಟಕಿಗೆ ಒರಗಿ, ಮಂಡಿನೋವಿನಿಂದ ನಡೆಯಲಾಗದೆ ವರ್ಷಗಳಾದ ದೊಡ್ಡಮ್ಮ ಕ್ಯಾಮೆರಾ ಕಣ್ಣಿಗಿಟ್ಟುಕೊಂಡು, "ರೀ, ಇನ್ನೊಂಚೂರು ಮುಂದೆ, ಆ ಮರ ಅಡ್ಡ ಬರ್ತಿದೆ," ಎಂದರು. ದೊಡ್ಡಪ್ಪ ಹೆಜ್ಜೆ ಇಟ್ಟಷ್ಟು ಮೆಲ್ಲಗೆ ಕಾರನ್ನು ಮುಂದಕ್ಕೆ ಬಿಟ್ಟರು.