ಸುಮ್ಮನಿದ್ದ ಊರು

ತೊಂಬತ್ತರ ದಶಕದ ಕೊನೆಯಲ್ಲಿ ನಾನೂ ಸೊರಬದ ಗೆಳೆಯನೊಬ್ಬನೂ ಸೇರಿ ಶಿಕಾರಿಪುರದಲ್ಲಿ ಕಂಪ್ಯೂಟರ್ ತರಗತಿ ನಡೆಸುತ್ತಿದ್ದೆವು. ಮಧ್ಯಾಹ್ನ ಕಲಿಯುವವರು ಊಟಕ್ಕೆ ಹೋದರೆ ನಮ್ಮಿಬ್ಬರ ಯುದ್ಧ ಶುರು. ಹಳೆಯ ಕಾಲದ ರಾಜ್ಯಗಳನ್ನು ಕಟ್ಟಿ ಕಾದಾಡುವ ಆಟ. ಒಂದೇ ಕಂಪ್ಯೂಟರು, ಒಬ್ಬರ ಸರದಿ ಮುಗಿದ ಮೇಲೆ ಇನ್ನೊಬ್ಬರು. ರಾಜಧಾನಿ ಕಳೆದುಕೊಂಡವನು ಸೋತಂತೆ. ಅವನು ಊರೂರಿಗೆ ಬಾವಿ ತೋಡಿಸಿಕೊಂಡು ತಣ್ಣಗೆ ಕೂರುವ ಜಾಯಮಾನದವನು. ನನ್ನದು ಕಡಿ, ಸುಡು, ಮುಂದೆ ನಡೆ.

ಒಂದು ಸಲ ಅವನ ಬಂದರು ಪಟ್ಟಣವನ್ನು ಗೆದ್ದುಕೊಂಡೆ. ಕೋಟೆಗೋಡೆ ಒಡೆಸಿ, ಕಾವಲಿನವರನ್ನು ಬೀದಿಯಲ್ಲೇ ಕೊಚ್ಚಿ ಹಾಕಿಸಿದ್ದೆ. ಗೆಲ್ಲುವುದು ಸುಲಭ, ಇಟ್ಟುಕೊಳ್ಳುವುದೇ ತಾಪತ್ರಯ. ಅಲ್ಲಿಯ ಜನ ನನ್ನ ಅಧಿಕಾರಿಯನ್ನು ಕೊಂದು ಉಗ್ರಾಣಕ್ಕೆ ಬೆಂಕಿ ಇಟ್ಟರು. ಕಂದಾಯ ಇಳಿಸಿದೆ, ಮತ್ತೆ ದಂಗೆ. ಗುಡಿ ಕಟ್ಟಿಸಿಕೊಟ್ಟೆ, ಅದರ ಮೆಟ್ಟಿಲ ಮೇಲೆಯೇ ನನ್ನ ಸೈನಿಕರನ್ನು ಕಡಿದರು. ನನಗೆ ತಲೆ ಕೆಟ್ಟುಹೋಯಿತು. ಊರಿನ ಅರ್ಧ ಜನರನ್ನು ಕೊಲ್ಲಿಸುವ ಆಜ್ಞೆಯೂ ಆ ಆಟದಲ್ಲಿತ್ತು. ಆ ದಿನ ಗೆಳೆಯ ತನ್ನ ಸರದಿ ಮುಗಿಸಿ ಊಟಕ್ಕೆ ಹೋಗಿದ್ದಾಗ ಆಜ್ಞೆ ಕೊಟ್ಟೆ. ಕಿರುಚಾಟ ಕೇಳಿಸಿತು, ಪರದೆಯೆಲ್ಲ ಕೆಂಪಾಯಿತು, ಆಮೇಲೆ ಊರಿನ ಗುರುತು ದಂಗೆ ಅಡಗಿತು ಎನ್ನುವ ಹಸಿರಿಗೆ ತಿರುಗಿತು. ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಹಿಂದಿನ ಬೆಂಚಿನಲ್ಲಿ ನನ್ನ ಅಜ್ಜಿ ಕೂತಿದ್ದಳು. ಈಸೂರಿನಿಂದ ಕಣ್ಣು ತೋರಿಸಲು ಬಂದವಳು, ವಾಪಸ್ ಬಸ್ಸಿಗೆ ಇನ್ನೂ ಹೊತ್ತಿತ್ತು. ಪೊರೆ ಬಂದ ಕಣ್ಣಿಗೆ ಪರದೆ ಕಾಣಿಸದಿದ್ದರೂ ಕಿವಿ ಚುರುಕಾಗಿತ್ತು.

"ಏನಪ್ಪಾ ಅದು, ಕೂಗು?" ಎಂದಳು.

"ದಂಗೆ ಎದ್ದಿದ್ರು ಅಜ್ಜಿ. ಕೊಲ್ಲಿಸ್ದೆ. ಈಗ ಊರು ಸುಮ್ನಾತು."

"ನಮ್ಮೂರೂ ಹಂಗೇ ಸುಮ್ನಾಗಿತ್ತು," ಎಂದಳು.

ನಲವತ್ತೆರಡರ ಸ್ವಾತಂತ್ರ್ಯ ಹೋರಾಟದ ಗಲಾಟೆಯ ನಂತರ ಈಸೂರಿಗೆ ಸರ್ಕಾರದ ದಂಡು ಬಂದಾಗ ಊರಿನವರು ಕಾಡು ಸೇರಿದ್ದು ನನಗೆ ಗೊತ್ತಿತ್ತು. ಅಜ್ಜಿ ಆಗಷ್ಟೇ ಮದುವೆಯಾಗಿ ಬಂದವಳು. ಗೊತ್ತಿಲ್ಲದಿದ್ದದ್ದು ನಾಯಿಯ ವಿಷಯ. ಕುಬಟೂರಿನ ತವರಿನಿಂದ ಅವಳ ಗಾಡಿಯ ಹಿಂದೆಯೇ ಓಡಿ ಬಂದಿದ್ದ ನಾಯಿ ಅದು, ಎಷ್ಟು ಅಟ್ಟಿದರೂ ತಿರುಗಿ ಹೋಗಿರಲಿಲ್ಲವಂತೆ.

"ಅಡವ್ಯಾಗೂ ಬೆನ್ನು ಹತ್ತಿ ಬಂತು. ನಾವು ಪೊದಿಯೊಳಗೆ ಕುಂತಿದ್ವಿ. ಬೂಟಿನ ಸದ್ದಿಗೆ ಗುರ್ ಅಂತು. ಬೊಗುಳಿದ್ರೆ ಎಲ್ರೂ ಹೋದ್ವಿ. ಸೆರಗು ಅದ್ರ ಕುತ್ತಿಗಿಗೆ ಸುತ್ತಿ ನಾನೇ ಬಿಗ್ದೆ. ಕಚ್ಲಿಲ್ಲ ಅದು. ನನ್ ಕೈ ನೆಕ್ತು." ಬಲಗೈಯನ್ನು ಸೀರೆಗೆ ಒರೆಸಿಕೊಂಡಳು. "ದಂಡಿನೋರು ಅಂದ್ಕಂಡಿರ್ತಾರೆ, ಜನ ಸುಮ್ನಾದ್ರು ಅಂತ. ಒಬ್ರೂ ಒಪ್ಕಂಡಿದ್ದಿಲ್ಲ."

ನನಗೆ ಆ ಹಸಿರು ಗುರುತನ್ನು ನೋಡಲೇ ಭಯವಾಯಿತು. ಗಡಿಯ ದಂಡನ್ನೆಲ್ಲ ಕರೆಸಿ ಆ ಪಟ್ಟಣದೊಳಗೆ ತುಂಬಿದೆ, ರಾಜಧಾನಿಯ ಕಾವಲಿನವರನ್ನೂ ಬಿಡಲಿಲ್ಲ. ನನ್ನ ಸರದಿ ಮುಗಿಯಿತು.

ಗೆಳೆಯ ಊಟ ಮುಗಿಸಿ ಬಂದು ತನ್ನ ಸರದಿಗೆ ಕೂತ. ಬಂದರಿನ ಗೋಜಿಗೇ ಹೋಗಲಿಲ್ಲ. ತೆರೆದು ಬಿದ್ದಿದ್ದ ನನ್ನ ರಾಜಧಾನಿಗೆ ನೇರ ನುಗ್ಗಿ ಅರಮನೆ ಸುಟ್ಟ, ರಾಜನ ತಲೆ ಹಾರಿಸಿದ. ಆಟ ಅಲ್ಲಿಗೆ ಮುಗಿಯಿತು.

"ಅಲ್ಲ ಮಾರಾಯ, ಅಷ್ಟು ಸುಮ್ನಿದ್ದ ಊರಿಗೆ ಅಷ್ಟೊಂದು ದಂಡು ಯಾಕೆ ತುಂಬಿದ್ದೆ?" ಎಂದು ನಕ್ಕ.

ಬಸ್ಸಿಗೆ ಹೊತ್ತಾಗಿತ್ತು. ಅಜ್ಜಿ ಚೀಲ ಎತ್ತಿಕೊಂಡು ಎದ್ದಳು.

"ಸುಮ್ನಿತ್ತಲ್ಲ ತಮ್ಮ, ಅದ್ಕೇ," ಎಂದಳು.